ಖಡೇಬಜಾರಿನ ಬಾಡಿಗೆ ಗ್ರಂಥಾಲಯ: ಹೆಣ್ಣಿನ ಬಾಳಿನ ಕತೆಗಳು ತಿಂಗಳಿಗೊಂದರಂತೆ ಮನೆಬಾಗಿಲಿಗೆ

ಬೆಳಗಾವಿಯ ಖಡೇಬಜಾರಿಗೆ ಹೊಂದಿಕೊಂಡ ಒಂದು ಗಲ್ಲಿಯಲ್ಲಿ, ಸೀರೆ ಅಂಗಡಿಯ ಮೇಲಿನ ಅಂತಸ್ತಿನಲ್ಲಿ ನಡೆಯುತ್ತಿರುವ ಬಾಡಿಗೆ ಗ್ರಂಥಾಲಯವು ತನ್ನ ಸಾಮಾನ್ಯ ಸದಸ್ಯತ್ವದ ಜೊತೆಗೆ ಈಗ ಒಂದು ವಾರ್ಷಿಕ ಯೋಜನೆಯನ್ನೂ ನಡೆಸುತ್ತಿದೆ. ಗಂಡಾಳಿಕೆಯ ಕಟ್ಟುಪಾಡುಗಳಲ್ಲಿ ನಲುಗಿದ ಹೆಣ್ಣಿನ ಬಾಳನ್ನು ಹೇಳುವ ಕಾದಂಬರಿ ಅಥವಾ ಕಥಾಸಂಕಲನವೊಂದನ್ನು ಪ್ರತಿ ತಿಂಗಳೂ ಮಾಲೀಕರೇ ಆರಿಸಿ ಮನೆಗೆ ಕಳುಹಿಸುತ್ತಾರೆ. ತಿಂಗಳ ಕೊನೆಯ ಭಾನುವಾರ ಸಂಜೆ ಅದೇ ಅಂತಸ್ತಿನ ಹಿಂದಿನ ಕೋಣೆಯಲ್ಲಿ ಓದಿದವರೆಲ್ಲ ಕೂಡಿ ಆ ಪುಸ್ತಕದ ಬಗ್ಗೆ ಮಾತನಾಡುತ್ತಾರೆ. ಠೇವಣಿ 500 ರೂಪಾಯಿ, ತಿಂಗಳ ಬಾಡಿಗೆ 120 ರೂಪಾಯಿ. ತಮ್ಮ ಅಂಗಡಿಯ ಹೆಸರು ಎಲ್ಲಿಯೂ ಬರುವುದು ಬೇಡವೆಂದು ಮಾಲೀಕರು ಕೇಳಿಕೊಂಡಿರುವುದರಿಂದ ಅದನ್ನು ಬರೆಯುತ್ತಿಲ್ಲ. ಗಲ್ಲಿಯಲ್ಲಿ ಯಾರನ್ನು ಕೇಳಿದರೂ ಮೆಟ್ಟಿಲು ತೋರಿಸುತ್ತಾರೆ. ಒಂದು ವರ್ಷ ಸದಸ್ಯಳಾಗಿದ್ದು, ಮತ್ತೊಂದು ವರ್ಷಕ್ಕೆ ಹಣ ಕಟ್ಟಬೇಕೇ ಎಂದು ಯೋಚಿಸುತ್ತಿರುವ ಓದುಗಳಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮನೆಗೆ ಮುಟ್ಟಿಸುವ ವ್ಯವಸ್ಥೆಯ ಬಗ್ಗೆ ಹೇಳಬೇಕು, ಏಕೆಂದರೆ ಇಡೀ ಯೋಜನೆಯಲ್ಲಿ ಅತ್ಯಂತ ಬುದ್ಧಿವಂತಿಕೆಯಿಂದ ರೂಪಿಸಿರುವುದು ಅದನ್ನೇ. ಪುಸ್ತಕ ತರುವವರು ಒಬ್ಬ ಹೆಣ್ಣುಮಗಳು. ಅವರು ಟಿಳಕವಾಡಿ, ಶಹಾಪುರ, ವಡಗಾವಿ, ಅನಗೋಳದ ಕಡೆಗೆ ಸ್ಕೂಟಿಯ ಮೇಲೆ ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ, ಅಂದರೆ ಮನೆಯ ಗಂಡಸರು ಕೆಲಸದಲ್ಲಿರುವ, ಹೆಂಗಸರ ಊಟ ಮುಗಿದಿರುವ ಹೊತ್ತಿನಲ್ಲಿಯೇ ಬರುತ್ತಾರೆ. ಪುಸ್ತಕವು ಹೆಸರಿಲ್ಲದ ಖಾದಿ ಚೀಲದಲ್ಲಿರುತ್ತದೆ. ಬಾಗಿಲಲ್ಲಿ ನಿಂತು ‘ವೈನೀ, ಚೀಲಾ ತಂದೀನ್ರಿ’ ಎನ್ನುತ್ತಾರೆಯೇ ಹೊರತು ಒಳಗೇನಿದೆ ಎಂಬುದನ್ನು ಒದರಿ ಹೇಳುವುದಿಲ್ಲ. ಸೊಸೆಯಾದವಳು ಹಾಡುಹಗಲಲ್ಲಿ ಕಾದಂಬರಿ ಹಿಡಿದು ಕುಳಿತರೆ ಮನೆಗೆಲಸಕ್ಕೆ ಕುತ್ತು ಬಂತೆಂದು ತಿಳಿಯುವ ಮನೆಗಳು ನಮ್ಮ ಊರಿನಲ್ಲಿ ಇನ್ನೂ ಉಳಿದಿವೆ. ಅಂಥ ಒಂದು ಮನೆಯ ಸದಸ್ಯೆಯನ್ನು ನಾನು ಬಲ್ಲೆ. ಆಕೆಗೆ ಬರುವ ಚೀಲದಲ್ಲಿ ಈಗ ಎರಡು ಪುಸ್ತಕಗಳಿರುತ್ತವೆ, ಎರಡನೆಯದು ಆಕೆಯ ಅತ್ತೆಗೆ. ಮೊಬೈಲ್ ಆ್ಯಪ್ ಇಲ್ಲ, ಒಂದು ಫೋನ್ ಕರೆ ಸಾಕು. ಕರೆ ಮಾಡಿದಾಗ ಪುಸ್ತಕದ ಹೆಸರು ಹೇಳದೆ ‘ಹೋದ ತಿಂಗಳದ್ದು ಮುಗೀತು’ ಎಂದಷ್ಟೇ ಹೇಳಿದರೂ ಆ ಬದಿಯವರಿಗೆ ಅರ್ಥವಾಗುತ್ತದೆ.

ಪ್ರತಿಗಳ ಸ್ಥಿತಿಯ ವಿಷಯದಲ್ಲಿ ಇಷ್ಟು ಸಮಾಧಾನ ಹೇಳಲಾರೆ. ಬೆಳಗಾವಿಯ ಮಳೆಗಾಲ ಹೇಗಿರುತ್ತದೆಂದು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಆಷಾಢದಲ್ಲಿ ನನಗೆ ಬಂದ ಪ್ರತಿಯ ರಟ್ಟಿನ ಒಳಬದಿಗೆ ಬೂಜು ಹಿಡಿದಿತ್ತು. ಡಾಂಬರು ಗುಳಿಗೆಯ ಘಾಟಿನಿಂದಾಗಿ ಅದನ್ನು ಎರಡು ದಿನ ಬಿಸಿಲಿಗೆ ಇಟ್ಟ ಮೇಲೆಯೇ ಓದಲು ಸಾಧ್ಯವಾಯಿತು. ಕೆಲವು ಹಳೆಯ ಮುದ್ರಣಗಳ ಅಕ್ಷರ ತೀರ ಸಣ್ಣದು. ಸದಸ್ಯರಲ್ಲಿ ಅರ್ಧಕ್ಕರ್ಧ ಅರವತ್ತು ದಾಟಿದವರಿರುವಾಗ, ಮರುಮುದ್ರಣಗೊಂಡಿರುವ ಪುಸ್ತಕಗಳ ಹೊಸ ಪ್ರತಿಗಳನ್ನಾದರೂ ಕೊಳ್ಳುವುದು ಮಾಲೀಕರಿಗೆ ಅಸಾಧ್ಯವೇನಲ್ಲ.

ಇನ್ನು ಆಯ್ಕೆಯ ವಿಷಯ. ಮೊದಲ ತಿಂಗಳಿಗೆ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯನ್ನು ಕಳುಹಿಸಿದ್ದರು. 1899ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ, ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎನಿಸಿಕೊಂಡಿರುವ ಈ ಕೃತಿಯಲ್ಲಿ ಎಳೆಯ ವಯಸ್ಸಿನ ವಿಧವೆಯೊಬ್ಬಳು ಮಠ–ಮನೆಗಳೆರಡರ ಹಿಡಿತದಿಂದ ತಪ್ಪಿಸಿಕೊಂಡು, ವಿದ್ಯೆ ಕಲಿತು, ಮರುಮದುವೆಯಾಗುತ್ತಾಳೆ. ಇದಕ್ಕಿಂತ ತಕ್ಕ ಆರಂಭ ಮತ್ತೊಂದಿರಲಾರದು. ಆದರೆ ಬೆಳಗಾವಿಯ ಓದುಗರಿಗೆ ಇದರ ಪಕ್ಕದಲ್ಲಿಯೇ ಇಡಬಹುದಾದ ಇನ್ನೊಂದು ಪುಸ್ತಕವಿತ್ತು ಎಂಬುದು ಆರಿಸಿದವರ ಗಮನಕ್ಕೆ ಬಂದಂತಿಲ್ಲ. 1831ರಲ್ಲಿ ಇದೇ ಬೆಳಗಾವಿಯಲ್ಲಿ ಹುಟ್ಟಿದ ಬಾಬಾ ಪದ್ಮನಜಿಯವರ ‘ಯಮುನಾ ಪರ್ಯಟನ’ 1857ರಲ್ಲಿ ಪ್ರಕಟವಾಯಿತು. ಮರಾಠಿಯ ಮೊದಲ ಕಾದಂಬರಿಯೆಂದು ಅದನ್ನು ಗುರುತಿಸುತ್ತಾರೆ. ಹಿಂದೂ ವಿಧವೆಯರ ಮರುಮದುವೆಗೆ ಕಾನೂನಿನ ಸಮ್ಮತಿ ದೊರೆತ 1856ರ ಮರುವರ್ಷವೇ ಅದು ಹೊರಬಂದಿದೆ. ಗಂಡನ ಜೊತೆ ಊರೂರು ತಿರುಗುತ್ತ ವಿಧವೆಯರ ಪಾಡನ್ನು ಕಣ್ಣಾರೆ ಕಾಣುವ ಯಮುನೆ ಮುಂದೆ ತಾನೂ ವಿಧವೆಯಾಗುತ್ತಾಳೆ. ಪದ್ಮನಜಿಯವರು ಕ್ರೈಸ್ತಧರ್ಮ ಸ್ವೀಕರಿಸಿದವರಾದ್ದರಿಂದ ಆ ಕಾದಂಬರಿಯಲ್ಲಿ ಧರ್ಮಪ್ರಚಾರದ ದನಿ ಜೋರಾಗಿಯೇ ಇದೆ, ನಿಜ. ಅದೇನೇ ಇರಲಿ, ಈ ಊರಿನ ಎರಡೂ ಭಾಷೆಗಳಲ್ಲಿ ಕಾದಂಬರಿಯೆಂಬುದು ಕಣ್ಣುಬಿಟ್ಟಾಗ ಎದುರಿಗೆ ನಿಂತಿದ್ದವಳು ವಿಧವೆಯೇ ಆಗಿದ್ದಳು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ ಆಡುವ ನೂರಾರು ಸದಸ್ಯರಿರುವ ಗ್ರಂಥಾಲಯವೊಂದು ಈ ಎರಡನ್ನೂ ಒಟ್ಟಿಗೆ ಓದಿಸುವ ಅವಕಾಶವನ್ನು ಕೈಬಿಟ್ಟಿತೆಂಬ ಬೇಸರ ನನಗಿದೆ. ಮರಾಠಿ ಪುಸ್ತಕಗಳು ಅದೇ ಅಂತಸ್ತಿನ ಎದುರು ಗೋಡೆಗಿವೆ. ನಡುವೆ ಒಂದು ಮೇಜು ಮಾತ್ರ.

ಎರಡನೆಯ ತಿಂಗಳು ಬಂದ ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಈ ಯೋಜನೆಗೆ ಕಟ್ಟಿದ ಹಣವನ್ನು ಒಂದೇ ಪುಸ್ತಕದಲ್ಲಿ ತೀರಿಸಿತು ಎನ್ನಬೇಕು. ಮದುವೆಯೆಂದರೇನೆಂದು ತಿಳಿಯುವ ಮೊದಲೇ ವಿಧವೆಯಾಗಿ, ಮೈನೆರೆದ ಮೇಲೆ ತಲೆ ಬೋಳಿಸಲ್ಪಟ್ಟು, ಮಡಿ–ಮೈಲಿಗೆಯ ಕಟ್ಟಳೆಯಲ್ಲಿ ನೂರು ದಾಟಿದ ಆಯುಷ್ಯವನ್ನು ಸವೆಸಿದ ಹೆಣ್ಣಿನ ಕತೆಯಿದು. ಇದನ್ನು ಬರೆದ ರೀತಿಯಲ್ಲಿ ಎದೆ ಬಡಿದುಕೊಳ್ಳುವ ಒಂದು ಸಾಲೂ ಇಲ್ಲ. ಫಣಿಯಮ್ಮ ಯಾರನ್ನೂ ಬಯ್ಯುವುದಿಲ್ಲ, ತನ್ನ ಮಡಿಯನ್ನು ತಾನು ಬಿಡುವುದೂ ಇಲ್ಲ. ಆದರೆ ದಾಕ್ಷಾಯಿಣಿ ಎಂಬ ಎಳೆಯ ವಿಧವೆ ತನ್ನ ತಲೆಗೆ ಕತ್ತಿ ಮುಟ್ಟಿಸಲು ಬಿಡೆನೆಂದು ಹಟ ಹಿಡಿದಾಗ ಆಕೆಯ ಪಕ್ಷಕ್ಕೆ ನಿಲ್ಲುವವಳು ಇದೇ ಮುದುಕಿ. ಕಟ್ಟಳೆಯನ್ನು ತಾನು ಪೂರ್ತಿ ಪಾಲಿಸಿದವಳಿಗೆ ಮಾತ್ರ ಅದರ ಒಳಗಿನ ಹುಳುಕು ಅಷ್ಟು ಚೆನ್ನಾಗಿ ಗೊತ್ತಿರುತ್ತದೆ. ನನಗೆ ಬಂದ ಪ್ರತಿಯಲ್ಲಿ ಆ ಪ್ರಸಂಗದ ಅಂಚಿನಲ್ಲಿ ಹಿಂದಿನ ಯಾರೋ ಓದುಗರು ಪೆನ್ಸಿಲಿನಿಂದ ‘ನಮ್ಮ ಆಯಿನೂ ಹಿಂಗs ಅಂದಿದ್ದಳು’ ಎಂದು ಬರೆದಿದ್ದರು. ಅದನ್ನು ರಬ್ಬರಿನಿಂದ ಒರೆಸಲು ನೋಡಿದ್ದಾರೆ. ಕಾಗದ ಸವೆದಿದೆ, ಅಕ್ಷರ ಹೋಗಿಲ್ಲ. ಪುಸ್ತಕದಲ್ಲಿ ಗೀಚಿದರೆ ದಂಡ ಎಂದು ಗ್ರಂಥಾಲಯದ ನಿಯಮ. ಬೇರೆ ಕಪಾಟುಗಳಿಗೆ ಆ ನಿಯಮ ಸರಿ. ಈ ಕಪಾಟಿನ ಪುಸ್ತಕಗಳಿಗೆ ಕೊನೆಯಲ್ಲಿ ನಾಲ್ಕು ಖಾಲಿ ಹಾಳೆ ಹೊಲಿಸಿ, ಬರೆಯುವವರು ಅಲ್ಲಿ ಬರೆಯಲಿ ಎಂದು ಬಿಟ್ಟರೆ ಒಳ್ಳೆಯದಲ್ಲವೇ ಎಂದು ಮಾಲೀಕರಿಗೆ ಹೇಳಿದೆ. ಅವರು ನಕ್ಕರು.

ಇಷ್ಟರ ಮೇಲೆ ಆಯ್ಕೆ ದಿಕ್ಕು ತಪ್ಪಿತು. ಮುಂದಿನ ಕೆಲವು ತಿಂಗಳು ಬಂದ ಕಾದಂಬರಿಗಳಲ್ಲಿ ಹೆಚ್ಚಿನವು ಸೊಸೆಯ ತಾಳ್ಮೆಯಿಂದ ಮನೆ ಉಳಿಯುತ್ತದೆ ಎಂಬ ನಂಬಿಕೆಯ ಮೇಲೆ ನಿಂತವು. ಅತ್ತೆ ಕಾಡುತ್ತಾಳೆ, ಗಂಡ ಕೇಳಿಸಿಕೊಳ್ಳುವುದಿಲ್ಲ, ನಾದಿನಿ ಚಾಡಿ ಹೇಳುತ್ತಾಳೆ, ಸೊಸೆ ಎಲ್ಲವನ್ನೂ ನುಂಗಿಕೊಳ್ಳುತ್ತಾಳೆ. ಕೊನೆಯ ಇಪ್ಪತ್ತು ಪುಟಗಳಲ್ಲಿ ಎಲ್ಲರ ಕಣ್ಣೂ ತೆರೆಯುತ್ತದೆ, ಆಕೆಯನ್ನು ದೇವತೆಯೆಂದು ಕೊಂಡಾಡಲಾಗುತ್ತದೆ. ಇಂಥ ಕುಟುಂಬ ಕಾದಂಬರಿಗಳ ಪರಂಪರೆ ನಮ್ಮ ಸೀಮೆಯಲ್ಲಿ ಬಲವಾಗಿಯೇ ಇದೆ. ಬೀಳಗಿಯಲ್ಲಿ ಹುಟ್ಟಿದ ಕೃಷ್ಣಮೂರ್ತಿ ಪುರಾಣಿಕರ ‘ಧರ್ಮದೇವತೆ’, ‘ಕುಲವಧು’ಗಳನ್ನು ನಮ್ಮ ತಾಯಂದಿರು ಸರದಿ ಹಚ್ಚಿ ಓದಿದ್ದರು, ಅವೆರಡೂ 1960ರ ದಶಕದ ಆರಂಭದಲ್ಲಿ ಸಿನಿಮಾಗಳಾದವು. ಪುರಾಣಿಕರ ಭಾಷೆಯ ಸೊಗಸಿಗೂ ಅವರು ಕೂಡುಮನೆಯ ಅಡಿಗೆಮನೆಯೊಳಗಿನ ಮಾತನ್ನು ಹಿಡಿದಿಟ್ಟ ರೀತಿಗೂ ನನ್ನಲ್ಲಿ ಗೌರವವಿದೆ. ಅಂಥವನ್ನು ಓದಿಸಲೇಬಾರದೆಂದು ನನ್ನ ಹಟವಿಲ್ಲ. ಆದರೆ ಹೆಣ್ಣಿನ ಸಂಕಟವನ್ನು ಆಕೆಯ ಒಡವೆಯಂತೆ ತೋರಿಸುವ ಪುಸ್ತಕವೂ, ಆ ಸಂಕಟ ಯಾರ ಕೈಯಿಂದ ಬಂತೆಂದು ಕೇಳುವ ಪುಸ್ತಕವೂ ಒಂದೇ ಚೀಲದಲ್ಲಿ, ಒಂದೇ ಮುನ್ನುಡಿಯ ಚೀಟಿಯೊಂದಿಗೆ ಬರಬಾರದು. ‘ಕಣ್ಣೀರು ತರಿಸುವ ಮನಮಿಡಿಯುವ ಕತೆ’ ಎಂಬ ಒಂದೇ ಸಾಲನ್ನು ಎರಡಕ್ಕೂ ಅಚ್ಚು ಹಾಕಿಸಿದ್ದಾರೆ.

ಇದನ್ನು ಮಾಲೀಕರೊಡನೆ ಮಾತನಾಡಿದಾಗ ಅವರು ವ್ಯಾಪಾರದ ಸತ್ಯವನ್ನೇ ಮುಚ್ಚುಮರೆಯಿಲ್ಲದೆ ಹೇಳಿದರು: ‘ಅಕ್ಕಾರ, ಓದಿದವರು ಅಳಬೇಕ್ರಿ. ಅತ್ತವರು ಮುಂದಿನ ತಿಂಗಳಾನೂ ರೊಕ್ಕ ಕಟ್ಟತಾರ.’ ಮೂವತ್ತು ವರ್ಷ ಪುಸ್ತಕ ಬಾಡಿಗೆಗೆ ಕೊಟ್ಟವರ ಅನುಭವವನ್ನು ನಾನು ತಳ್ಳಿಹಾಕಲಾರೆ. ಆದರೂ ಅವರದೇ ದಫ್ತರವನ್ನು ತಿರುವಿದರೆ ಬೇರೆ ಮಾತು ಕಾಣುತ್ತದೆ. ಅತಿ ಹೆಚ್ಚು ಬಾರಿ ಹೊರಗೆ ಹೋಗಿ, ಎರಡು ಸಲ ಬೈಂಡಿಂಗ್ ಮಾಡಿಸಿಕೊಂಡಿರುವ ಪುಸ್ತಕ ತ್ರಿವೇಣಿಯವರ ‘ಶರಪಂಜರ’. ಅದರಲ್ಲಿ ಯಾರ ಕಣ್ಣೂ ಕೊನೆಗೆ ತೆರೆಯುವುದಿಲ್ಲ.

‘ಶರಪಂಜರ’ದ ಕಾವೇರಿ ಬಾಣಂತನದ ನಂತರ ಮನಸ್ಸಿನ ಕಾಯಿಲೆಗೆ ತುತ್ತಾಗಿ, ಆಸ್ಪತ್ರೆಯಲ್ಲಿ ಗುಣಮುಖಳಾಗಿ ಮನೆಗೆ ಮರಳುತ್ತಾಳೆ. ಕಾಯಿಲೆ ವಾಸಿಯಾಗಿದೆ ಎಂಬುದನ್ನು ಒಪ್ಪದವರು ಮಾತ್ರ ಮನೆಯವರೂ ನೆರೆಯವರೂ. ಆಕೆ ನಕ್ಕರೆ ಅನುಮಾನ, ಸಿಟ್ಟಾದರೆ ಖಾತ್ರಿ. ಮನೋವಿಜ್ಞಾನವನ್ನು ಓದಿ ತಿಳಿದಿದ್ದ ತ್ರಿವೇಣಿ, ಕೇವಲ ಮೂವತ್ತೈದರ ಆಸುಪಾಸಿನಲ್ಲಿ, 1963ರಲ್ಲಿ ತೀರಿಕೊಂಡರು. ಅಷ್ಟರಲ್ಲಿಯೇ ಹೆಣ್ಣಿನ ಮಾನಸಿಕ ಯಾತನೆಗೆ ಅವರು ಕನ್ನಡದಲ್ಲಿ ಮಾಡಿಕೊಟ್ಟ ಜಾಗ ದೊಡ್ಡದು. ಈ ಕಾದಂಬರಿಯ ಕ್ರೌರ್ಯವೆಲ್ಲ ಸಣ್ಣ ಸಣ್ಣ ನಡವಳಿಕೆಗಳಲ್ಲಿದೆ. ಹೊಡೆತವಿಲ್ಲ, ಬೆಂಕಿಯಿಲ್ಲ, ಒಂದು ನೋಟ, ಅರ್ಧಕ್ಕೆ ನಿಲ್ಲುವ ಮಾತು, ಮಗುವನ್ನು ಎತ್ತಿಕೊಳ್ಳಲು ಹೋದಾಗ ಯಾರೋ ಮುಂದೆ ಬಂದು ನಿಲ್ಲುವುದು. ತಾಳ್ಮೆ ಇಲ್ಲಿ ಯಾವ ಫಲವನ್ನೂ ಕೊಡುವುದಿಲ್ಲ, ಆಕೆಯನ್ನು ಮತ್ತೆ ಆಸ್ಪತ್ರೆಗೇ ಕಳುಹಿಸುತ್ತದೆ.

ಈ ಪುಸ್ತಕದ ಮೇಲೆ ನಡೆದ ಭಾನುವಾರದ ಕೂಟದಿಂದ ಯೋಜನೆಯ ಇನ್ನೊಂದು ದೋಷವೂ ತಿಳಿಯುತ್ತದೆ. ಬಂದವರಲ್ಲಿ ಹೆಚ್ಚಿನವರು ಹೆಂಗಸರು. ಮಾತನಾಡಿದವರು ಇಬ್ಬರು ನಿವೃತ್ತ ಮಹನೀಯರು. ಪುಟ್ಟಣ್ಣ ಕಣಗಾಲರ ಸಿನಿಮಾ, ಕಲ್ಪನಾ ಅವರ ಅಭಿನಯ, ಆ ಕಾಲದ ಟಾಕೀಜಿನಲ್ಲಿ ಟಿಕೆಟ್ಟಿಗಾಗಿ ಆದ ನೂಕುನುಗ್ಗಲು ಇವುಗಳಲ್ಲಿ ಮುಕ್ಕಾಲು ತಾಸು ಕಳೆಯಿತು. ಚಹಾ ಬರುವ ಹೊತ್ತಿಗೆ ಮೂಲೆಯಲ್ಲಿದ್ದ ಹಿರಿಯ ಹೆಣ್ಣುಮಗಳೊಬ್ಬರು ಸೆರಗು ಸರಿಪಡಿಸಿಕೊಳ್ಳುತ್ತ, ‘ಎಲ್ಲಾ ಖರೇರಿ, ಆದರ ಆಕಿ ಗಂಡಗ ನೀನೂ ಒಮ್ಮೆ ಡಾಕ್ಟರ ಕಡೆ ಹೋಗಿ ಬಾ ಅಂತ ಯಾರರೆ ಅಂದರೇನ್ರಿ?’ ಎಂದು ಕೇಳಿದರು. ಅಂದಿನ ಇಡೀ ಸಭೆಯಲ್ಲಿ ಕಾದಂಬರಿಯ ಬಗ್ಗೆ ಬಂದ ಒಂದೇ ಒಂದು ಮಾತು ಅದು. ಮಹನೀಯರು ಮುಗುಳ್ನಕ್ಕು ಬಿಸ್ಕೀಟು ತೆಗೆದುಕೊಂಡರು. ಭಾನುವಾರ ಸಂಜೆ ಐದು ಗಂಟೆ ಎಂಬ ವೇಳೆಯೂ ಸರಿಯಿಲ್ಲ. ಬೀಗರು, ನೆಂಟರು ಮನೆಗೆ ಬರುವ ಹೊತ್ತು ಅದೇ. ಚೀಲ ತಲುಪಿಸುವಾಗ ಇಷ್ಟು ಲೆಕ್ಕ ಹಾಕಿದವರು ಕೂಟದ ವೇಳೆಯನ್ನು ಗಂಡಸರ ಬಿಡುವಿಗೆ ಹೊಂದಿಸಿದ್ದೇಕೆ ಎಂಬುದು ನನಗೆ ಬಗೆಹರಿದಿಲ್ಲ. ಯಾವುದಾದರೂ ವಾರದ ದಿನ ಮಧ್ಯಾಹ್ನ ಮೂರಕ್ಕೆ ಸೇರಿಸಿದರೆ ಯಾರು ಮಾತನಾಡುತ್ತಾರೆಂದು ನೋಡಬಹುದು.

ಕಪಾಟಿನ ಜೋಡಣೆಯಲ್ಲಿಯೂ ಇದೇ ಬುದ್ಧಿ ಕೆಲಸ ಮಾಡಿದೆ. ಪುಸ್ತಕಗಳ ಬೆನ್ನಿಗೆ ಬಣ್ಣದ ಚೀಟಿ ಅಂಟಿಸುತ್ತಾರೆ: ಸಾಮಾಜಿಕಕ್ಕೆ ನೀಲಿ, ಸಾಂಸಾರಿಕಕ್ಕೆ ಗುಲಾಬಿ, ಪತ್ತೇದಾರಿಗೆ ಕಪ್ಪು. ಗಂಡಸರು ಬರೆದ ವಿಧವೆಯ ಕತೆಗೆ ನೀಲಿ ಚೀಟಿಯಿದ್ದರೆ, ಹೆಂಗಸರು ಬರೆದುದಕ್ಕೆ ಗುಲಾಬಿ. ಅನುಪಮಾ ನಿರಂಜನ ಅವರ ‘ಮಾಧವಿ’ ಕೂಡ ಗುಲಾಬಿ ಸಾಲಿನಲ್ಲಿ ಸಿಕ್ಕಿತು. ಗಾಲವನ ಗುರುದಕ್ಷಿಣೆಗೆ ಬೇಕಾದ, ಒಂದು ಕಿವಿ ಕಪ್ಪಗಿರುವ ಎಂಟುನೂರು ಬಿಳಿ ಕುದುರೆಗಳಿಗಾಗಿ ಯಯಾತಿ ತನ್ನ ಮಗಳನ್ನು ಕೊಟ್ಟುಬಿಡುತ್ತಾನೆ. ಮೂವರು ರಾಜರು ತಲಾ ಇನ್ನೂರು ಕುದುರೆ ಕೊಟ್ಟು ಆಕೆಯಿಂದ ಒಬ್ಬೊಬ್ಬ ಮಗನನ್ನು ಪಡೆಯುತ್ತಾರೆ, ಉಳಿದ ಇನ್ನೂರರ ಬದಲಿಗೆ ಗುರು ವಿಶ್ವಾಮಿತ್ರನೇ ಆಕೆಯನ್ನು ಸ್ವೀಕರಿಸುತ್ತಾನೆ. ಮಹಾಭಾರತದ ಈ ಕತೆಯನ್ನು ಅನುಪಮಾ ಮಾಧವಿಯ ಕಡೆಯಿಂದ ನೋಡಿ ಬರೆದಿದ್ದಾರೆ. ತಂದೆ, ಶಿಷ್ಯ, ಮೂವರು ದೊರೆಗಳು, ಒಬ್ಬ ಋಷಿ ಪಾಲ್ಗೊಂಡ ಈ ವ್ಯವಹಾರವು ಸಂಸಾರದ ವಿಷಯ ಹೇಗಾಯಿತು? ವೈದ್ಯೆಯಾಗಿದ್ದ ಲೇಖಕಿಗೆ ಹೆತ್ತ ಮೈಯ ದಣಿವು ಗೊತ್ತಿತ್ತು. ಪ್ರತಿ ಹೆರಿಗೆಯಾದ ಮೇಲೂ ಮಗುವನ್ನು ಬಿಟ್ಟು ಮುಂದಿನ ಅರಮನೆಗೆ ಹೊರಡಬೇಕಾದ ಹೆಣ್ಣಿನ ಸ್ಥಿತಿಯನ್ನು ಓದುವಾಗ ಅದು ನಮಗೂ ತಟ್ಟುತ್ತದೆ. ಯೋಜನೆಯ ಹನ್ನೆರಡು ಪುಸ್ತಕಗಳಲ್ಲಿ ಇದು ಇರಲಿಲ್ಲ, ನಾನೇ ಕಪಾಟಿನಿಂದ ಹುಡುಕಿ ತಂದೆ.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಈ ಗ್ರಂಥಾಲಯ ತೋರಿದ ಚುರುಕನ್ನು ಮೆಚ್ಚಬೇಕು. ಇದ್ದ ಒಂದೇ ಪ್ರತಿಗೆ ಸರದಿಯ ಚೀಟಿ ಹಚ್ಚಿದರು, ಮತ್ತೆ ಪ್ರತಿಗಳನ್ನು ತರಿಸಿದರು, ಯಾರನ್ನೂ ಹೆಚ್ಚು ಕಾಯಿಸಲಿಲ್ಲ. ‘ಎದೆಯ ಹಣತೆ’ ಕತೆಯಲ್ಲಿ ಗಂಡ ಕೈಬಿಟ್ಟ ಮೆಹರುನ್ ತವರಿಗೆ ಬಂದರೆ ಒಡಹುಟ್ಟಿದ ಅಣ್ಣಂದಿರೇ ಆಕೆಯನ್ನು ಮರಳಿ ಅದೇ ಮನೆಗೆ ತಂದುಬಿಡುತ್ತಾರೆ; ರಾತ್ರಿ ಆಕೆ ಸೀಮೆಎಣ್ಣೆ ಸುರಿದುಕೊಂಡಾಗ ತಡೆಯುವವಳು ಹಿರಿಯ ಮಗಳು. ತವರಿನ ಬಾಗಿಲು ಮುಚ್ಚುವುದನ್ನು ಇಷ್ಟು ನೇರವಾಗಿ ಬರೆದದ್ದು ಕಡಿಮೆ. ಇದರ ಜೊತೆಗೆ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ಯನ್ನು ಹಿಂದಿನ ತಿಂಗಳೇ ಕಳುಹಿಸಿದ್ದು ಒಳ್ಳೆಯ ಜೋಡಣೆ. ಅಲ್ಲಿ ನಾದಿರಾಳ ಮದುವೆಯನ್ನು ಮುರಿಯುವವನು ಗಂಡನಲ್ಲ, ತಂದೆ. ಎರಡನ್ನೂ ಓದಿದ ನಂತರ ‘ತವರಿಗೆ ಬಾ’ ಎಂದು ಮಗಳಿಗೆ ಹೇಳುವ ಮಾತಿನ ಬೆಲೆ ತಿಳಿಯುತ್ತದೆ. ಇವು ಮುಸ್ಲಿಂ ಮನೆಗಳ ಕತೆಗಳಷ್ಟೇ ಎಂದು ಕೂಟದಲ್ಲಿ ಒಬ್ಬರು ಬದಿಗೆ ಸರಿಸಲು ನೋಡಿದರು. ‘ಫಣಿಯಮ್ಮ’ನನ್ನು ಓದಿ ವರ್ಷವೂ ಆಗಿರಲಿಲ್ಲವೆಂಬುದನ್ನು ಅವರ ಪಕ್ಕದಲ್ಲಿ ಕುಳಿತಿದ್ದವರೇ ನೆನಪಿಸಿದರು.

ಪಟ್ಟಿಯಲ್ಲಿ ಕಾಣದವುಗಳನ್ನೂ ಹೇಳಬೇಕು. ಧಾರವಾಡದ ವೀಣಾ ಶಾಂತೇಶ್ವರ ಅವರ ಒಂದು ಸಂಕಲನವೂ ಬರಲಿಲ್ಲ. ಓದಿದ, ದುಡಿಯುವ ಹೆಣ್ಣು ತನ್ನ ಸಂಬಳದ ಪಾಕೀಟಿನೊಂದಿಗೆ ಮನೆಗೆ ಬಂದರೂ ತಪ್ಪದ ಒಂಟಿತನವನ್ನು ಅವರಷ್ಟು ಖಾರವಾಗಿ ಬರೆದವರು ಉತ್ತರ ಕರ್ನಾಟಕದಲ್ಲಿ ವಿರಳ. ಬಹುಶಃ ಆ ಕತೆಗಳಲ್ಲಿ ನಾಯಕಿಯರು ಅಳುವುದಕ್ಕಿಂತ ವಾದಿಸುವುದು ಹೆಚ್ಚು ಎಂಬುದೇ ಅಡ್ಡಿಯಾಗಿರಬೇಕು. ಗೀತಾ ನಾಗಭೂಷಣ ಅವರ ‘ಬದುಕು’, 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿ, ಕಪಾಟಿನಲ್ಲಿಯೇ ಇಲ್ಲ. ಹೊಲದಲ್ಲಿ ದುಡಿಯುವ, ದೇವರ ಹೆಸರಿನಲ್ಲಿ ಬಿಡಲ್ಪಟ್ಟ ಹೆಂಗಸರ ನೋವನ್ನು ಬಿಟ್ಟು ಕೇವಲ ಪಡಸಾಲೆಯಿದ್ದ ಮನೆಗಳ ನೋವನ್ನೇ ಓದಿಸುವುದಾದರೆ ಸವದತ್ತಿ ಎಲ್ಲಮ್ಮನ ಗುಡ್ಡ ಇರುವ ಜಿಲ್ಲೆಯಲ್ಲಿ ಅದು ಅರೆಬರೆ ಓದಾಗುತ್ತದೆ. ಶೇಡಬಾಳದ ಮಿರ್ಜಿ ಅಣ್ಣಾರಾಯರ ‘ನಿಸರ್ಗ’ವನ್ನು ಕೇಳಿದರೆ ದಫ್ತರದಲ್ಲಿ ಹೆಸರಿದೆ, ಪುಸ್ತಕ ಸಿಗಲಿಲ್ಲ. (ಬೈಲಹೊಂಗಲ ಸೀಮೆಯ ‘ಸಂಗ್ಯಾ ಬಾಳ್ಯಾ’ ಎಂಬ ಸಣ್ಣಾಟವನ್ನು, ಅಂದರೆ ಜನಪದ ನಾಟಕವನ್ನು, ಕತೆಯ ರೂಪದಲ್ಲಿ ಓದಿ ಚರ್ಚಿಸೋಣವೆಂದು ಒಬ್ಬ ಸದಸ್ಯೆ ಸೂಚಿಸಿದ್ದಾರೆ. ಇಬ್ಬರು ಗೆಳೆಯರ ಹೆಸರನ್ನು ಹೊತ್ತ ಆ ಆಟದಲ್ಲಿ ಕತೆಯ ನಡುವೆ ಇರುವ ಹೆಣ್ಣು ಗಂಗಿಯ ಹೆಸರು ತಲೆಬರಹಕ್ಕೆ ಬಂದಿಲ್ಲ. ಸೂಚನೆ ನನಗೆ ಒಪ್ಪಿಗೆಯಾಯಿತು.)

ದಂಡದ ನಿಯಮವೊಂದನ್ನು ತುರ್ತಾಗಿ ಬದಲಿಸಬೇಕು. ಪುಸ್ತಕ ತಡವಾದರೆ ದಿನಕ್ಕೆ ಎರಡು ರೂಪಾಯಿ. ಬಾಣಂತನಕ್ಕೆ ತವರಿಗೆ ಹೋದ ಸದಸ್ಯೆಯೊಬ್ಬರಿಗೆ ಮೂರು ತಿಂಗಳ ದಂಡದ ಲೆಕ್ಕ ಹೇಳಿದ್ದನ್ನು ಕೇಳಿ ನನಗೆ ಮುಜುಗರವಾಯಿತು. ಅದೂ ಆಕೆಯ ಕೈಯಲ್ಲಿದ್ದ ಪುಸ್ತಕ ‘ಶರಪಂಜರ’. ಕೇಳಿಕೊಂಡ ಮೇಲೆ ಅರ್ಧ ಬಿಟ್ಟರು. ಕೇಳಿಕೊಳ್ಳುವ ಪ್ರಸಂಗವೇ ಬರದಂತೆ, ಫೋನ್ ಮಾಡಿ ತಿಳಿಸಿದವರಿಗೆ ದಂಡವಿಲ್ಲ ಎಂದು ಬರೆದು ಹಾಕಲು ಒಂದು ಹಾಳೆ ಸಾಕು.

ಈ ಪುಸ್ತಕಗಳಲ್ಲಿ ಹಲವು ಸಾರ್ವಜನಿಕ ಗ್ರಂಥಾಲಯದಲ್ಲಿ ಸಿಗಬಹುದು, ಕೆಲವನ್ನು ಕೊಂಡರೂ ವರ್ಷದ 1,440 ರೂಪಾಯಿಗಿಂತ ಕಡಿಮೆಯೇ ಆದೀತು. ಹೊರಗೆ ಹೋಗಿ ಬರಲು ಅಡ್ಡಿಯಿಲ್ಲದವರು, ಏನು ಓದಬೇಕೆಂದು ತಾವೇ ಬಲ್ಲವರು ಈ ಯೋಜನೆಗೆ ಸೇರಬೇಕಿಲ್ಲ. ಸಾಮಾನ್ಯ ಸದಸ್ಯತ್ವ ಪಡೆದು ಗುಲಾಬಿ ಚೀಟಿಯ ಸಾಲನ್ನು ತಾವೇ ಜಾಲಾಡುವುದು ಲಾಭದಾಯಕ. ಮನೆಯಿಂದ ಹೊರಡಲು ಹತ್ತು ಜನಕ್ಕೆ ಕಾರಣ ಹೇಳಬೇಕಾದವರಿಗೆ ಮಾತ್ರ ಮಧ್ಯಾಹ್ನದ ಆ ಚೀಲಕ್ಕೆ ಬದಲಿಯಾದ ವ್ಯವಸ್ಥೆ ಸದ್ಯ ಊರಿನಲ್ಲಿ ನನಗೆ ಕಂಡಿಲ್ಲ, ಅವರು ಕಣ್ಣುಮುಚ್ಚಿ ಸೇರಬಹುದು. ನಾನು ಎರಡನೆಯ ವರ್ಷಕ್ಕೆ ಹಣ ಕಟ್ಟುತ್ತೇನೆ, ಆದರೆ ಹನ್ನೆರಡರಲ್ಲಿ ನಾಲ್ಕು ಪುಸ್ತಕಗಳನ್ನು ಸದಸ್ಯೆಯರೇ ಸೂಚಿಸಲು ಬಿಡಬೇಕೆಂಬ ಷರತ್ತನ್ನು ಅರ್ಜಿಯ ಹಿಂಬದಿಗೆ ಬರೆದುಕೊಟ್ಟಿದ್ದೇನೆ. ಮಾಲೀಕರು ಎರಡಕ್ಕೆ ಒಪ್ಪಿದ್ದಾರೆ, ಮಾತು ಇನ್ನೂ ನಡೆದಿದೆ. ಹೊಸದಾಗಿ ಸೇರುವವರು ದೀಪಾವಳಿಯ ನಂತರ ಸೇರುವುದು ಒಳ್ಳೆಯದು. ಅಷ್ಟರಲ್ಲಿ ಮಳೆ ಹಿಂದೆಗೆದಿರುತ್ತದೆ, ಪುಸ್ತಕಗಳೂ ಒಣಗಿರುತ್ತವೆ.